ಹೆಂಚಿನ ಮೇಲೆ 1865 ಅಂತಿದೆ, ಮನೆಗೆಷ್ಟು ವಯಸ್ಸು?

ಅಡ್ಮಿನ್: ಹಳೇ ಮನೆ ರಿಪೇರಿ ಮಾಡಿಸುವ ಆರ್ಕಿಟೆಕ್ಟ್ ಮೇಡಂ ಇವತ್ತು ರಾತ್ರಿವರೆಗೆ ಗುಂಪಿನಲ್ಲಿರುತ್ತಾರೆ. ಕೇಳಿ.

ಮಾಗಡಿ ಕಡೆಯವರು: ಮೇಡಂ, ಊರಲ್ಲಿ ತಾತನ ಮಣ್ಣಿನ ಗೋಡೆ ಮನೆ ಇದೆ. ಪಡಸಾಲೆ, ಎರಡು ಕೋಣೆ, ಮುಂದೆ ಜಗಲಿ. ಹೆಂಚಿನಲ್ಲಿ ಬಾಸೆಲ್ ಮಿಷನ್, 1865 ಅಂತ ಅಚ್ಚಿದೆ. ಮನೆಗೆ 160 ವರ್ಷ ಅಲ್ವಾ? ಎರಡು ವರ್ಷದ ಹಿಂದೆ ಹೊರಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಈಗ ಪಡಸಾಲೆ ಗೋಡೆ ಹೊಟ್ಟೆ ಬಿಟ್ಟಿದೆ. ಅಜ್ಜಿ ಅಲ್ಲೇ ಮಲಗುತ್ತಾರೆ.

ಆರ್ಕಿಟೆಕ್ಟ್: ಮೊದಲು ಅಜ್ಜಿಯ ಹಾಸಿಗೆ ಬೇರೆ ಕೋಣೆಗೆ ಹೋಗಲಿ. ಇವತ್ತೇ.

ಮಣ್ಣಿನ ಗೋಡೆ ನೆಲದ ತೇವ ಹೀರುತ್ತದೆ, ಮೈಯಿಂದಲೇ ಆರಿಸಿಕೊಳ್ಳುತ್ತದೆ. ಸುಣ್ಣದ ಗಾರೆ ಅದಕ್ಕೆ ದಾರಿ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ತೇವ ಒಳಗೇ ನಿಂತು ಬುಡದ ಮಣ್ಣು ಮೆತ್ತಗಾಗುತ್ತದೆ, ಮೇಲೆ ಹೆಂಚಿನ ಭಾರ ಹಾಗೇ ಇರುತ್ತದೆ. ಪ್ಲಾಸ್ಟರ್ ತಟ್ಟಿ ನೋಡಿ, ಡಬ್ ಡಬ್ ಅಂದರೆ ಗೋಡೆ ಬಿಟ್ಟಿದೆ. ಒಳಗಿನಿಂದ ಬುಡಕ್ಕೊಂದು ಮೊಳೆ ಒತ್ತಿ, ಎಷ್ಟು ಹೋಯಿತು ಹೇಳಿ. ಪ್ಲಾಸ್ಟರ್ ಕೀಳಬೇಡಿ. ತೊಲೆಗೆ ಊರುಗಂಬ, ಅಂದರೆ ತಾತ್ಕಾಲಿಕ ಆಸರೆ ಕಂಬ, ಕೊಡದೆ ಕಿತ್ತರೆ ಗೋಡೆಯೇ ಬರಬಹುದು.

ಇನ್ನು ವಯಸ್ಸು. 1865 ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಅದೇ ಇಸವಿ ಎಷ್ಟೋ ವರ್ಷ ಅಚ್ಚಿನಲ್ಲಿ ಉಳಿಯಿತು. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಕಾಮನ್‌ವೆಲ್ತ್ ಅನ್ನೋ ಕಂಪನಿಯ ಕೈಗೆ ಹೋಯಿತು, ಆ ಹೆಸರಿದ್ದರೆ ಹೆಂಚು ಆಮೇಲಿನದ್ದು. ಮನೆ ಹೆಂಚಿಗಿಂತ ಹಳೆಯದೂ ಇರಬಹುದು. ಮಂಗಳೂರು ಹೆಂಚಿಗೆ ಸುಮಾರು ಅಡಿಗೊಂದು ರೀಪರ್ (ಹೆಂಚು ಕೂರಿಸುವ ಮರದ ಪಟ್ಟಿ) ಸಾಕು. ಕುಂಬಾರರು ಮಾಡುತ್ತಿದ್ದ ನಾಡಹೆಂಚಿಗೆ ಬಿದಿರು ಒತ್ತೊತ್ತಾಗಿ ಕಟ್ಟುತ್ತಿದ್ದರು. ಮಾಡಿನ ಮರಗಳ ಮೇಲೆ ಹಗ್ಗದ ಗುರುತು ಒತ್ತಾಗಿದ್ದರೆ ಮೊದಲು ನಾಡಹೆಂಚಿತ್ತು. ಅದರ ಫೋಟೋ ಹಾಕಿ.

ಯಲಹಂಕದವರು: ಸಿಮೆಂಟಿಗೆ ಬೆಲ್ಲ, ಮೊಟ್ಟೆ ಸೇರಿಸಿದರೆ ಗೋಡೆ ಉಸಿರಾಡುತ್ತಂತೆ. ಫಾರ್ವರ್ಡ್ ಬಂದಿದೆ.

ಆರ್ಕಿಟೆಕ್ಟ್: ಬೇಡ. ಹಿಂದಿನವರು ಬೆಲ್ಲ ಹಾಕುತ್ತಿದ್ದದ್ದು ಸುಣ್ಣಕ್ಕೆ. ಸಿಮೆಂಟಿಗೆ ಬೆಲ್ಲ ಬಿದ್ದರೆ ಸರಿಯಾಗಿ ಸೆಟ್ ಆಗುವುದೇ ಇಲ್ಲ. ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ.

ಜಯನಗರದವರು: ಜಂತೆಗೆ ಗೆದ್ದಲು. ವೇಸ್ಟ್ ಎಂಜಿನ್ ಆಯಿಲ್ ಬಳಿಯಬಹುದಾ?

ಆರ್ಕಿಟೆಕ್ಟ್: ಕೆಳಗೆ ಒಲೆ ಉರಿಯುವ ಮನೆಯಲ್ಲಿ ಮರಕ್ಕೆ ಎಣ್ಣೆ ಬಳಿಯುತ್ತೀರಾ? ಬೇಡವೇ ಬೇಡ.

ಕೆಂಗೇರಿಯವರು: ನಮ್ಮದೂ ಮಣ್ಣಿನ ಗೋಡೆ. ಸಿಮೆಂಟ್ ಮಾಡಿಸಬಹುದಾ?

ಆರ್ಕಿಟೆಕ್ಟ್: ಇಲ್ಲ. ಮೇಲೆ ಓದಿ.

ಹೊಸಕೋಟೆಯವರು: ರೆಡ್ ಆಕ್ಸೈಡ್ ನೆಲ ಬಿರುಕು ಬಿಟ್ಟಿದೆ, ಏನು ಮಾಡಲಿ?

ಯಲಹಂಕದವರು: ಇಷ್ಟೆಲ್ಲಾ ಯಾಕೆ? ಕೆಡವಿ ಆರ್‌ಸಿಸಿ ಹಾಕಿ. ಸುಮ್ನೆ ದುಡ್ಡು ದಂಡ.

ಜಯನಗರದವರು: ತಾತ ಕಟ್ಟಿದ್ದನ್ನು ಕೆಡವು ಅನ್ನೋಕೆ ನೀವ್ಯಾರು?

ಯಲಹಂಕದವರು: ಮಳೆಗಾಲದಲ್ಲಿ ನೀವು ಬಂದು ಮಲಗುತ್ತೀರಾ ಅಲ್ಲಿ? ಊರಲ್ಲಿ ಇರೋರಿಗೆ ಗೊತ್ತು ಕಷ್ಟ.

ಜಯನಗರದವರು: ನಾನೂ ಊರಲ್ಲೇ ಬೆಳೆದವನು. ಮಾತು ನೋಡಿಕೊಂಡು ಆಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಹೊಸಕೋಟೆಯವರು: ಮೇಡಂ, ನನ್ನ ನೆಲದ ವಿಷಯ?

ಕೆಂಗೇರಿಯವರು: ಒಂದೇ ಒಂದು ಕೋಟ್ ಸಿಮೆಂಟ್ ಆದರೂ?

ಆರ್ಕಿಟೆಕ್ಟ್: ಇಲ್ಲ ಅಂದೆನಲ್ಲ! ಮಾಗಡಿಯವರೇ, ಎಲ್ಲಿದ್ದೀರಿ? ಮೊಳೆ ಒತ್ತಿದಿರಾ?

ಮಾಗಡಿ ಕಡೆಯವರು: ಅಜ್ಜಿಯನ್ನು ಹಿಂದಿನ ಕೋಣೆಗೆ ಕಳಿಸಿದೆವು. ಬರಿಗೈಯಲ್ಲಿ ಒತ್ತಿದರೆ ಮೊಳೆ ಪೂರ್ತಿ ಹೋಯಿತು ಮೇಡಂ. ಹೊರಗೆ ತೆಗೆದಾಗ ಒದ್ದೆ ಮಣ್ಣು ಅಂಟಿತ್ತು.

ಆರ್ಕಿಟೆಕ್ಟ್: ಪಡಸಾಲೆಗೆ ಬೀಗ ಹಾಕಿ. ಲೊಕೇಶನ್ ಕಳಿಸಿ, ಬೆಳಿಗ್ಗೆ ಆರಕ್ಕೆ ಹೊರಡುತ್ತೇನೆ. ಊರುಗಂಬಕ್ಕೆ ನಾಲ್ಕು ಗಟ್ಟಿ ನೀಲಗಿರಿ ಮರ ತರಿಸಿಡಿ.