ಏಳು ನರಕ, ಐದು ಮಕ್ಕಳು

"ಬಿಸಿನೀರಿನ ಊರಿಗೆ ಮಕ್ಕಳನ್ನು ಕಟ್ಟಿಕೊಂಡು ಹೋಗೋಣ ಅಂತ ಮೊದಲು ಬಾಯಿ ಬಿಟ್ಟವರು ಯಾರು?" ಶೀನ ಕೇಳಿದ.

ಯಾರೂ ಉತ್ತರ ಕೊಡಲಿಲ್ಲ. ಬಾಯಿ ಬಿಟ್ಟವನು ಅವನೇ ಅಂತ ಎಲ್ಲರಿಗೂ ಗೊತ್ತಿತ್ತು. ಚಳಿಗಾಲ ಪೂರ್ತಿ ವಾಟ್ಸಾಪ್ ಗ್ರೂಪಿನಲ್ಲಿ "ಬೆಪ್ಪು, ಬೆಪ್ಪು" ಅಂತ ಜಪ ಮಾಡಿದ್ದ. ದಾವಣಗೆರೆಯ ಅವನ ಅತ್ತೆ ಫೋನಿನಲ್ಲಿ ಮಗಳಿಗೆ, "ಬೆಪ್ಪು ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು, ಮನೇಲೇ ಒಂದಿದೆಯಲ್ಲ" ಅಂದಿದ್ದರಂತೆ.

ಊರಿನ ಹೆಸರು ಬೆಪ್ಪು ಆದರೂ ಊರೇನೂ ಬೆಪ್ಪಲ್ಲ. ಜಪಾನಿನ ಕ್ಯೂಶೂ ದ್ವೀಪದಲ್ಲಿದೆ. ಮುಂದೆ ಸಮುದ್ರ, ಹಿಂದೆ ತ್ಸುರುಮಿ ಅನ್ನುವ ಜ್ವಾಲಾಮುಖಿ ಬೆಟ್ಟ. ಎರಡು ಸಾವಿರಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳು. ಇಡೀ ಜಪಾನಿನಲ್ಲಿ ಇಷ್ಟು ಬಿಸಿನೀರು ಉಕ್ಕುವ ಊರು ಇನ್ನೊಂದಿಲ್ಲ. ಫುಕುವೋಕಾದಲ್ಲಿರುವ ನಾವು ಮೂರು ಮನೆಯವರು ಮೇ ತಿಂಗಳ ರಜೆಯಲ್ಲಿ ಎರಡು ಗಂಟೆ ರೈಲು ಹಿಡಿದು ಬಂದಿದ್ದೆವು. ಈಗ ಕನ್ನಾವಾ ಬೀದಿಯ ಪಕ್ಕದ ಕಾಲುತೊಟ್ಟಿಯಲ್ಲಿ ಸಾಲಾಗಿ ಕಾಲು ಇಳಿಬಿಟ್ಟು ಕೂತಿದ್ದೆವು. ಮಕ್ಕಳು ಎದುರಿನ ಚರಂಡಿಯ ಸುತ್ತ ನಿಂತಿದ್ದರು.

ಚರಂಡಿ ಅಂದರೆ ಮೂಗು ಮುರಿಯಬೇಡಿ. ಈ ಊರಿನಲ್ಲಿ ಚರಂಡಿಯ ಮುಚ್ಚಳದಿಂದ ಹಬೆ ಬರುತ್ತದೆ. ಮನೆಗಳ ಹಿಂದೆ ನೆಟ್ಟ ಕೊಳವೆಗಳಿಂದಲೂ ಬರುತ್ತದೆ. ಮಕ್ಕಳು ಸರದಿಯ ಮೇಲೆ ಹಬೆಯೊಳಗೆ ನುಗ್ಗಿ, "ನಾನು ಕಾಣಿಸ್ತಿದೀನಾ?" ಅಂತ ಕೂಗುತ್ತಿದ್ದರು. ಕಾಣಿಸುತ್ತಿದ್ದರು. ಆದರೂ ನಾವು "ಇಲ್ಲಪ್ಪ, ಎಲ್ಲಿದೀಯಾ?" ಅನ್ನಬೇಕು. ಅದು ಕೆಲಸ.

"ನೋಡು ಮಾರಾಯ, ಒಂದು ರೂಪಾಯಿ ಖರ್ಚಿಲ್ಲ" ಅಂದಳು ವಿದ್ಯಾ. ಪುತ್ತೂರಿನವಳು, ಖರ್ಚಿನ ವಿಷಯದಲ್ಲಿ ಶಿಸ್ತು. "ಈ ಊರಿಗೆ ದೊಡ್ಡವರು ಸ್ನಾನಕ್ಕೆ ಬರ್ತಾರೆ. ಮಕ್ಕಳಿಗೆ ಸ್ನಾನ ಒಂದು ಬಿಟ್ಟು ಉಳಿದದ್ದೆಲ್ಲ ಬೇಕು."

ಅದು ನಿಜ. ಬೆಳಗ್ಗೆ ಮ್ಯೋಬಾನ್ ಕಡೆ ಹೋಗಿದ್ದೆವು. ಅಲ್ಲಿ ಹುಲ್ಲಿನ ಗುಡಿಸಲುಗಳೊಳಗೆ ನೆಲದ ಹಬೆಯಿಂದಲೇ ಸ್ನಾನದ ಪುಡಿ ತಯಾರಿಸುತ್ತಾರೆ. ಗಂಧಕದ ವಾಸನೆ, ಥೇಟ್ ಕೊಳೆತ ಮೊಟ್ಟೆ. ಬಸ್ಸಿನಿಂದ ಇಳಿದದ್ದೇ ತಡ, ಮಕ್ಕಳ ನ್ಯಾಯ ಪಂಚಾಯಿತಿ ಶುರುವಾಯಿತು. "ಯಾರೋ ಹೂಸು ಬಿಟ್ರು!" ಐವರೂ ಆರೋಪಿಗಳು, ಐವರೂ ಸಾಕ್ಷಿಗಳು. ನನ್ನ ಮಗಳು ದೇವರ ಮೇಲೆ ಆಣೆ ಇಟ್ಟಳು. "ಬೆಟ್ಟ ಬಿಟ್ಟಿದ್ದು" ಅಂತ ಪ್ರಭಾಕರ ತೀರ್ಪು ಕೊಟ್ಟ. ಅಲ್ಲಿಂದ ಮುಂದೆ ತ್ಸುರುಮಿ ಬೆಟ್ಟದ ಬಗ್ಗೆ ಮಕ್ಕಳಿಗಿದ್ದ ಗೌರವವೇ ಬೇರೆ ಥರದ್ದು.

"ಈ ವಾಸನೆಗೆ ಇಷ್ಟು ದೂರ ಬರ್ಬೇಕಿತ್ತಾ?" ಅಂದಳು ವಿದ್ಯಾ. "ನಮ್ಮ ಪುತ್ತೂರಿನ ಹತ್ತಿರ ಇರ್ದೆಯಲ್ಲೇ ಬೆಂದ್ರ್ ತೀರ್ಥ ಇದೆ. ಅಲ್ಲೂ ಇದೇ ಗಂಧಕದ ವಾಸನೆ."

"ಅಲ್ಲಿ ಎಷ್ಟು ಬಿಸಿ?"

"ಉಗುರು ಬೆಚ್ಚಗೆ."

"ಮತ್ತೆ ತುಳುವಿನಲ್ಲಿ ಬೆಂದ್ರ್, ಬಿಸಿನೀರು ಅಂತ ಯಾಕೆ ಹೆಸರು?"

"ನೀನು ಶ್ರೀನಿವಾಸ ಅಂತ ಹೆಸರಿಟ್ಟುಕೊಂಡಿಲ್ವಾ? ನಿನ್ನತ್ರ ಲಕ್ಷ್ಮಿ ಇದಾಳಾ?"

ಶೀನ ಕಾಲು ಅಲ್ಲಾಡಿಸುತ್ತಾ ಸುಮ್ಮನಾದ.

ಈ ಊರಿನ ದೊಡ್ಡ ಆಕರ್ಷಣೆ ನರಕ ದರ್ಶನ. ನಾನು ಹೇಳುತ್ತಿರುವುದಲ್ಲ, ಬೋರ್ಡಿನಲ್ಲೇ ಹಾಗಿದೆ. ಸ್ನಾನಕ್ಕಾಗದಷ್ಟು ಬಿಸಿಯಾದ ಕೊಳಗಳಿಗೆ ಅವರು ಜಿಗೋಕು, ಅಂದರೆ ನರಕ ಅಂತ ಹೆಸರಿಟ್ಟಿದ್ದಾರೆ. ಏಳು ನರಕಗಳಿಗೆ ಒಟ್ಟಿಗೆ ಒಂದೇ ಟಿಕೆಟ್ ಸಿಗುತ್ತದೆ. ಐದು ಕನ್ನಾವಾದಲ್ಲಿ, ನಡೆದೇ ಸುತ್ತಬಹುದು. ಇನ್ನೆರಡಕ್ಕೆ ಬಸ್ ಹಿಡಿಯಬೇಕು. "ನರಕಕ್ಕೆ ಮಕ್ಕಳಿಗೆ ರಿಯಾಯಿತಿ ಇದೆ ಕಣ್ರೋ" ಅಂತ ಶೀನ ಕೌಂಟರಿನ ಮುಂದೆ ನಿಂತು ಕೂಗಿದ್ದ.

ಪ್ರಭಾಕರನ ಹೆಂಡತಿ ಸುಮಾಗೆ ಇದು ಸ್ವಲ್ಪ ಕಿರಿಕಿರಿ. "ಆರು ವರ್ಷದ ಮಗುವಿಗೆ ನರಕ ಅಂದ್ರೆ ಏನಂತ ಹೇಳೋದು?" ಅಜ್ಜಿ ಮೊದಲೇ ಹೇಳಿಬಿಟ್ಟಿದ್ದರು. ಯಮ, ಕೊಪ್ಪರಿಗೆ, ಕಾದ ಎಣ್ಣೆ, ಸುಳ್ಳು ಹೇಳಿದವರು. ಜಪಾನಿನವರಿಗೂ ಯಮ ಹೊಸಬನಲ್ಲ. ಬೌದ್ಧರ ಜೊತೆ ಇಲ್ಲಿಯವರೆಗೆ ಬಂದು ಎನ್ಮಾ ಆಗಿದ್ದಾನೆ. ಅಡುಗೆ ಒಲೆಯ ಹೆಸರಿನ ಕಾಮಾದೋ ನರಕದಲ್ಲಿ ದೊಡ್ಡ ಪಾತ್ರೆಯ ಮೇಲೆ ಕೆಂಪು ರಾಕ್ಷಸನ ಬೊಂಬೆ ನಿಂತಿದೆ. ಸುಮಾಳ ಮಗ ಅದನ್ನು ನೋಡಿ ಅಪ್ಪನ ಪ್ಯಾಂಟಿನ ಹಿಂದೆ ಅಡಗಿಕೊಂಡ.

ಆಮೇಲೆ ಉಮಿ ಜಿಗೋಕು, ಅಂದರೆ ಸಮುದ್ರದ ನರಕ. ನೀಲಿ ಅಂದರೆ ಅಂಥಾ ನೀಲಿ, 98 ಡಿಗ್ರಿ ಬಿಸಿ. ಅದರೊಳಗೆ ಒಂದು ಬುಟ್ಟಿ ಇಳಿಬಿಟ್ಟಿದ್ದರು. ಹುಡುಗ ಬಗ್ಗಿ ನೋಡಿದ. ಬುಟ್ಟಿ ತುಂಬ ಕೋಳಿಮೊಟ್ಟೆ. ತುಂಬಾ ಹೊತ್ತು ಯೋಚನೆ ಮಾಡಿ ಅಮ್ಮನ ಕಡೆ ತಿರುಗಿದ. "ಅಜ್ಜಿಗೆ ಗೊತ್ತಿಲ್ಲ. ನರಕದಲ್ಲಿ ಮೊಟ್ಟೆ ಮಾತ್ರ ಬೇಯಿಸ್ತಾರೆ."

ಅಲ್ಲಿಗೆ ಅಜ್ಜಿಯ ಇಷ್ಟು ದಿನದ ಶಿಸ್ತುಪಾಠ ನೀರಿನಲ್ಲಿ ಹೋಮ.

ಒನಿಯಾಮಾ ನರಕದಲ್ಲಿ ಮೊಸಳೆಗಳಿವೆ. ಬುಗ್ಗೆಯ ಬಿಸಿಯಲ್ಲೇ 1923ರಿಂದ ಸಾಕುತ್ತಿದ್ದಾರೆ. ಒಂದರ ಮೇಲೊಂದು ಬಿದ್ದುಕೊಂಡು ಒಂದೂ ಅಲ್ಲಾಡುವುದಿಲ್ಲ. ಬೊಂಬೆ ಅಂತ ಶೀನ ನೂರು ಯೆನ್ ಬಾಜಿ ಕಟ್ಟಿದ. ಒಂದು ಕಣ್ಣು ಮಿಟುಕಿಸಿತು. ಬಸ್ ಹಿಡಿದು ಹೋದ ಕಡೆ ರಕ್ತದ ಕೊಳ, ಕಬ್ಬಿಣದ ಅಂಶಕ್ಕೆ ಕೆಂಪಾದ ನೀರು. ಪಕ್ಕದಲ್ಲೇ ಮೂವತ್ತು ನಲವತ್ತು ನಿಮಿಷಕ್ಕೊಮ್ಮೆ ಚಿಮ್ಮುವ ಬುಗ್ಗೆ. ತುಂಬಾ ಎತ್ತರ ಹಾರಬಾರದು ಅಂತ ಅದರ ತಲೆಯ ಮೇಲೆ ಕಲ್ಲಿನ ಚಾವಣಿ ಹಾಕಿದ್ದಾರೆ. ಬುಗ್ಗೆಗಾಗಿ ಕಾಯುವ ಮೂವತ್ತು ನಿಮಿಷ ಐದು ಮಕ್ಕಳ ಜೊತೆ ಕಳೆಯುವುದು ಎಂಟನೆಯ ನರಕ. ಅದಕ್ಕೆ ಟಿಕೆಟ್ ಇಲ್ಲ, ಉಚಿತ. ಕೊನೆಗೂ ಚಿಮ್ಮಿದಾಗ ವಿದ್ಯಾಳ ಮಗ ಐಸ್ ಕ್ರೀಮ್ ಯಂತ್ರದ ಮುಂದೆ ನಿಂತಿದ್ದ.

"ಸ್ನಾನದ ಕಥೆ ಹೇಳಿ" ಅಂದೆ ನಾನು. ಹಿಂದಿನ ಸಂಜೆಯದು. ಗೋಡೆಯ ಈಚೆಯಿಂದ ಅರ್ಧ ಮಾತ್ರ ಕೇಳಿದ್ದೆ.

ಗೊತ್ತಿಲ್ಲದವರಿಗೆ ಹೇಳಬೇಕು. ಓನ್ಸೆನ್ ಅಂದರೆ ಬುಗ್ಗೆನೀರಿನ ಸ್ನಾನಗೃಹ. ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಒಂದು ಕಡೆ. ಮೈಮೇಲೆ ನೂಲೆಳೆಯೂ ಇರಬಾರದು. ಮೊದಲು ಹೊರಗೆ ಕೂತು ಮೈ ತೊಳೆದುಕೊಳ್ಳಬೇಕು. ಕೈಯಗಲದ ಟವೆಲ್ ಒಂದು ಕೊಡುತ್ತಾರೆ, ಅದನ್ನೂ ನೀರಿಗೆ ಅದ್ದಬಾರದು, ತಲೆ ಮೇಲೆ ಇಟ್ಟುಕೊಳ್ಳಬೇಕು. ತುಂಗಾ ನದಿಯಲ್ಲೂ ಪಂಚೆ ಉಟ್ಟೇ ಮುಳುಗಿದ ಪ್ರಭಾಕರನಿಗೆ ಇದನ್ನು ಹೇಗೆ ಒಪ್ಪಿಸುವುದು? "ತಲೆ ಮುಚ್ಚಿಕೊಂಡು ಏನು ಪ್ರಯೋಜನ" ಅಂತ ಅವನ ವಾದ.

ಮಕ್ಕಳಿಗೆ ಆ ಚಿಂತೆಯೇ ಇಲ್ಲ. ಬಟ್ಟೆ ಬಿಚ್ಚಿ ಓಡಿದವರು ಶೀನನ ಮಗ ಮತ್ತು ಸುಮಾಳ ಮಗ. ಹೆಬ್ಬೆರಳು ನೀರಿಗೆ ತಾಗಿಸಿದ್ದಷ್ಟೇ, ಕಿಟಾರನೆ ಕಿರುಚಿದರು. ಈ ಊರಿನವರಿಗೆ ಹದ ಅಂದರೆ ನಮಗೆ ಹಂಡೆ ನೀರಿಗೆ ತಣ್ಣೀರು ಬೆರೆಸುವ ಮುಂಚಿನ ಸ್ಥಿತಿ. ಅಂಥ ನೀರಿನಲ್ಲಿ ಒಬ್ಬ ಅಜ್ಜ ಕುತ್ತಿಗೆವರೆಗೆ ಮುಳುಗಿ, ಕಣ್ಣು ಮುಚ್ಚಿ, ಕೆಂಪಗಾಗಿ ಕೂತಿದ್ದರು. ಗೋಡೆ ದಾಟಿ ನಮಗೂ ಸ್ಪಷ್ಟವಾಗಿ ಕೇಳಿಸಿತು: "ಅಪ್ಪಾ, ಈ ತಾತ ಬೆಂದಿದಾರಾ?"

"ನೀನೇನಂದೆ?"

"ಇನ್ನೂ ಎರಡು ನಿಮಿಷ ಬೇಕು ಅಂದೆ" ಅಂದ ಶೀನ.

ಕನ್ನಡ ಅಲ್ಲಿ ಯಾರಿಗೂ ಬರುವುದಿಲ್ಲ ಅನ್ನುವ ಧೈರ್ಯ. ಅಜ್ಜ ಒಂದು ಕಣ್ಣು ತೆರೆದು, ನಕ್ಕು, ತಣ್ಣೀರಿನ ನಲ್ಲಿಯ ಕಡೆ ಕೈ ತೋರಿಸಿದರಂತೆ. ಮಾತು ಅರ್ಥವಾಯಿತೋ ಕಿರುಚಾಟ ಅರ್ಥವಾಯಿತೋ, ಅವರಿಗೇ ಗೊತ್ತು.

ಮಕ್ಕಳಿರುವವರಿಗೆ ನನ್ನ ಸಲಹೆ ಕೇಳಿದರೆ, ಗಂಟೆ ಲೆಕ್ಕದಲ್ಲಿ ಒಂದೊಂದು ಕುಟುಂಬಕ್ಕೆ ಬಾಡಿಗೆಗೆ ಕೊಡುವ ಬಚ್ಚಲುಗಳು ಇಲ್ಲಿ ಬೇಕಾದಷ್ಟಿವೆ. ಬಾಗಿಲು ಹಾಕಿಕೊಂಡು ನಿಮ್ಮ ಹದಕ್ಕೆ ತಣ್ಣೀರು ಬಿಟ್ಟುಕೊಳ್ಳಿ. ಡೈಪರ್ ಹಾಕುವ ಕೂಸನ್ನು ದೊಡ್ಡ ತೊಟ್ಟಿಗೆ ಸಾಮಾನ್ಯವಾಗಿ ಬಿಡುವುದಿಲ್ಲ, ಅದೂ ನ್ಯಾಯವೇ. ಬಿಸಿ ಮರಳಿನಲ್ಲಿ ಹೂತು ಮಲಗಿಸುವ ತಾಕೆಗವಾರಾ ಸ್ನಾನಗೃಹಕ್ಕೆ ಅಲ್ಲಿ ಪ್ರಸಿದ್ಧಿ. 1879ರಲ್ಲಿ ಶುರುವಾದದ್ದು, ಈಗಿನ ಮರದ ಕಟ್ಟಡ 1938ರದು. ಅಪ್ಪನನ್ನು ಹೂಳುತ್ತಾರೆ ಅಂತ ಗೊತ್ತಾದರೆ ಮಕ್ಕಳು ಸಲಿಕೆ ತರಲು ಓಡುತ್ತಾರೆ. ನಾವು ವಿಷಯ ಎತ್ತಲಿಲ್ಲ.

ಅಷ್ಟರಲ್ಲಿ ಪಕ್ಕದ ಹಬೆ ಅಡುಗೆಮನೆಯಲ್ಲಿ ನಮ್ಮ ಗಂಟೆ ಹೊಡೆಯಿತು. ನೆಲದ ಹಬೆ ಬರುವ ತೊಟ್ಟಿಯನ್ನು ಬಾಡಿಗೆಗೆ ತೆಗೆದುಕೊಂಡು, ಬೇಕಾದ್ದನ್ನು ಬುಟ್ಟಿಯಲ್ಲಿಟ್ಟು ನಾವೇ ಬೇಯಿಸಿಕೊಳ್ಳುವ ವ್ಯವಸ್ಥೆ. ಗೆಣಸು, ಮುಸುಕಿನ ಜೋಳ, ಕುಂಬಳ, ಎಲೆಕೋಸು, ಮೊಟ್ಟೆ. ಜಪಾನಿನಲ್ಲಿ ಸಾರಿನಲ್ಲೂ ಮೀನು ಹುಡುಕಿ ಹುಡುಕಿ ಸುಸ್ತಾದ ಸಸ್ಯಾಹಾರಿಗಳಿಗೆ ನರಕದಲ್ಲಿ ಮೋಕ್ಷ. ಪ್ರಭಾಕರ ದಪ್ಪ ಕೈಗವಸು ಹಾಕಿ ಮುಚ್ಚಳ ಎತ್ತಿದ. ಅವನ ಕನ್ನಡಕ ಬೆಳ್ಳಗಾಯಿತು. ವಿದ್ಯಾ ತೊಟ್ಟಿಯೊಳಗೆ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟಳು. "ಇಡ್ಲಿ ತಟ್ಟೆ ತರ್ಬೇಕಿತ್ತು ಮಾರಾಯ್ತಿ. ಗ್ಯಾಸ್ ಉಳೀತಿತ್ತು."

ತಿನ್ನುತ್ತಾ ನಾಳೆಯ ಮಾತು ಬಂತು. ತಾಕಾಸಾಕಿಯಾಮಾ, ಮಂಗಗಳ ಬೆಟ್ಟ. ಬೆಪ್ಪುವಿನ ಪಕ್ಕದಲ್ಲೇ, ಬೇಲಿ ಇಲ್ಲ, ಪಂಜರ ಇಲ್ಲ. ಹಿಂದೆ ಈ ಮಂಗಗಳು ಇಳಿದು ಬಂದು ಹೊಲ ತೋಟ ಹಾಳು ಮಾಡುತ್ತಿದ್ದವು. ಆಗ ಪಕ್ಕದ ಓಯಿತಾ ನಗರದ ಮೇಯರ್ ಉಎದಾ ತಾಮೋತ್ಸು ಬಂದೂಕಿನ ಬದಲು ಶಂಖ ತಂದರು. ಶಂಖ ಊದಿ, ತಿಂಡಿ ಹಾಕಿ, ಮಂಗಗಳನ್ನು ಒಂದೇ ಜಾಗಕ್ಕೆ ಬರುವಂತೆ ರೂಢಿ ಮಾಡಿಸಿ, 1953ರಲ್ಲಿ ಉದ್ಯಾನವನ್ನೇ ತೆರೆದುಬಿಟ್ಟರು.

ಪ್ರಭಾಕರ ಗೆಣಸು ಬಾಯಲ್ಲಿಟ್ಟವನು ಅಗಿಯುವುದನ್ನೇ ಮರೆತ. ಅವನ ಊರು ತೀರ್ಥಹಳ್ಳಿ ಕಡೆ. ಬಾಳೆ, ಏಲಕ್ಕಿ, ಎಳೆ ಅಡಿಕೆ ಎಲ್ಲ ಮಂಗಗಳ ಪಾಲು. ಮಲೆನಾಡಿನಲ್ಲೂ ಮಂಗಗಳ ಪಾರ್ಕ್ ಮಾಡುತ್ತೇವೆ ಅಂತ ಸರ್ಕಾರ ಒಮ್ಮೆ ಹೇಳಿತ್ತು. ಅವನ ಅಪ್ಪ ಇನ್ನೂ ಪಟಾಕಿಯನ್ನೇ ನಂಬಿದ್ದಾರೆ.

ಅಲ್ಲಿಂದಲೇ ಫೋನ್ ಹಚ್ಚಿದ. ಸ್ಪೀಕರ್ ಹಾಕಿ ಕಥೆ ಪೂರ್ತಿ ಹೇಳಿದ. ಶಂಖ, ಮೇಯರ್, ಟಿಕೆಟ್, ಸಾಲುಗಟ್ಟಿ ಬರುವ ಜನ. ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ಕೆಮ್ಮು.

"ಶಂಖ ದೇವರ ಮನೇಲಿ ಇದೆ, ಊದೋದು ನಾನು ಊದ್ತೀನಿ" ಅಂದರು ಅಪ್ಪ. "ಟಿಕೆಟ್ ಹರಿಯೋಕೆ ನೀನು ಯಾವಾಗ ಬರ್ತೀಯಾ ಹೇಳು."