ಬೋರ್ಗುಂಡ್ ಚರ್ಚಿನ ಕಿಟಕಿಗಳು

ದೊಡ್ಡಪ್ಪ (ಫಾರ್ವರ್ಡ್ ಮಾಡಿದ ಸಂದೇಶ): ನಾರ್ವೆಯ ಬೋರ್ಗುಂಡ್‌ನಲ್ಲಿ ವೈಕಿಂಗರು (ಹಿಂದಿನ ಕಾಲದ ಆ ಕಡೆಯ ಕಡಲಯಾನಿಗಳು) ಕಟ್ಟಿದ ಮರದ ಚರ್ಚು ಸಾವಿರ ವರ್ಷಗಳಿಂದ ನಿಂತಿದೆ. ಊರವರಲ್ಲಿ ಭಕ್ತಿ ಕುಂದಿದ್ದರಿಂದ ಅದೀಗ ಬರಿಯ ಪ್ರದರ್ಶನದ ವಸ್ತುವಾಗಿದೆ.

ಬರ್ಗನ್ ಭಾವ (ನಾರ್ವೆಯ ಬರ್ಗನ್ ಊರಿನಿಂದ): ಕ್ಷಮಿಸಿ, ಎರಡೂ ತಪ್ಪು. ಅದರ ಮರಗಳನ್ನು ಕಡಿದದ್ದು 1180ರ ಆಸುಪಾಸಿನಲ್ಲಿ; ಅಷ್ಟರಲ್ಲಿ ವೈಕಿಂಗರ ಕಾಲ ಮುಗಿದು ನೂರು ವರ್ಷ ಕಳೆದಿತ್ತು. ಇನ್ನು ಭಕ್ತಿಯ ಮಾತು: ಪ್ರತಿ ಚರ್ಚಿನಲ್ಲಿಯೂ ಊರ ಜನಸಂಖ್ಯೆಯ ಹತ್ತರಲ್ಲಿ ಮೂರು ಪಾಲಿನಷ್ಟು ಜನರಿಗೆ ಜಾಗವಿರಬೇಕೆಂದು 1851ರ ಕಾನೂನು ವಿಧಿಸಿತು. ಹಳೆಯ ಚರ್ಚು ಸಾಲದೆ ಹೋದದ್ದರಿಂದ ಊರವರು 1868ರಲ್ಲಿ ಪಕ್ಕದಲ್ಲಿಯೇ ಹೊಸದನ್ನು ಕಟ್ಟಿಕೊಂಡರು. ಹಲವು ಊರುಗಳಲ್ಲಿ ಹಳೆಯದನ್ನು ಕೆಡವಿಯೇಬಿಟ್ಟರು. ಇಂಥ ಮರದ ಚರ್ಚುಗಳು ನಾರ್ವೆಯಲ್ಲಿ ಈಗ 28 ಮಾತ್ರ ಉಳಿದಿವೆ.

ಚಿಕ್ಕಮ್ಮ: ಅಷ್ಟು ಮಳೆ, ಹಿಮದಲ್ಲಿ ಮರ ಉಳಿದದ್ದಾದರೂ ಹೇಗೆ?

ಬರ್ಗನ್ ಭಾವ: ಕಂಬಗಳನ್ನು ನೆಲದಲ್ಲಿ ಹೂಳಿಲ್ಲ, ಕಲ್ಲಿನ ಮೇಲೆ ಹಾಸಿದ ತೊಲೆಗಳ ಮೇಲೆ ನಿಲ್ಲಿಸಿದ್ದಾರೆ. ಮೇಲೆ ಆಗಾಗ ಡಾಂಬರಿನಂಥ ಪೈನ್ ಮರದ ಎಣ್ಣೆ ಬಳಿಯುತ್ತಾರೆ. ಹೋದ ಬೇಸಿಗೆಯಲ್ಲಿ ಬಾಗಿಲು ದಾಟುವ ಮೊದಲೇ ಅದರ ಘಾಟು ನನ್ನ ಮೂಗಿಗೆ ಬಡಿಯಿತು. ಒಳಗೆ ಮಾತ್ರ ಎದುರಿಗಿದ್ದವರ ಮುಖವೂ ಸರಿಯಾಗಿ ಕಾಣದಷ್ಟು ಕತ್ತಲು. ನನ್ನ ತಕರಾರಿರುವುದು ಆ ಕತ್ತಲಿನ ಬಗ್ಗೆಯೇ. ಕ್ರೈಸ್ತರ ಪ್ರಾಟೆಸ್ಟಂಟ್ ಶಾಖೆಯಾದ ಲೂಥರನ್ ಪಂಥ ಬಂದ ಮೇಲೆ ಪ್ರವಚನವೇ ಪೂಜೆಯ ಜೀವಾಳವಾಯಿತು. ಅದನ್ನು ಕೂತು ಕೇಳಲು ಬೆಂಚು, ಹೇಳಲು ಪೀಠ, ಬೆಳಕಿಗೆ ದೊಡ್ಡ ಕಿಟಕಿ, ಮೇಲೊಂದು ಚಪ್ಪಟೆ ಚಾವಣಿ ಎಲ್ಲವೂ ಬಂದವು. 1877ರಲ್ಲಿ ಚರ್ಚನ್ನು ಕೊಂಡ ಪುರಾತನ ಸ್ಮಾರಕಗಳ ಸಂಘದ ಕಾಲದಲ್ಲಿ, ಮಧ್ಯಯುಗದ ರೂಪ ಮರಳಿಸುವ ಹುಮ್ಮಸ್ಸಿನಲ್ಲಿ, ಬೆಂಚು, ಕಿಟಕಿ, ಚಾವಣಿಗಳನ್ನು ತೆಗೆದುಹಾಕಲಾಯಿತು. ಮುನ್ನೂರು ವರ್ಷ ಅಲ್ಲಿ ಪ್ರಾರ್ಥಿಸಿದವರ ಗುರುತಾಗಿ 1654ರ ಪೂಜಾವೇದಿಕೆಯ ಚಿತ್ರದಂಥ ಕೆಲವು ವಸ್ತುಗಳಷ್ಟೇ ಉಳಿದಿವೆ.

ದೊಡ್ಡಪ್ಪ: ಆಮೇಲೆ ಸೇರಿಸಿದ್ದನ್ನು ತೆಗೆದು ಮೂಲ ರೂಪ ಉಳಿಸಿದ್ದರಲ್ಲಿ ತಪ್ಪೇನಿದೆ? ನಮ್ಮಲ್ಲಿ ಹಳೆಯ ದೇವಾಲಯದ ಕಲ್ಲಿಗೆ ಆಯಿಲ್ ಪೇಂಟ್ ಬಳಿದಾಗ ನೀನೇ ಕೂಗಾಡುತ್ತೀಯೆ.

ಬರ್ಗನ್ ಭಾವ: ನಿನ್ನೆಯ ಪೇಂಟೂ ಮೂರು ಶತಮಾನದ ಬೆಂಚೂ ಒಂದೇ ಅಲ್ಲ, ದೊಡ್ಡಪ್ಪ.

ಚಿಕ್ಕಮ್ಮ: ಬೆಂಚಿಲ್ಲದ ಕಾಲದಲ್ಲಿ ಜನ ನಿಂತೇ ಇರುತ್ತಿದ್ದರೇ?

ಬರ್ಗನ್ ಭಾವ: ಹೆಚ್ಚಿನವರು ನಿಂತೇ. ಗೋಡೆಯ ಅಂಚಿಗೆ ಮಾತ್ರ ಕೂರುವ ಹಲಗೆ ಇದೆ.

ದೊಡ್ಡಪ್ಪ: ಭಕ್ತಿ ಕುಂದಿತೆಂಬ ಸಾಲನ್ನು ಹಿಂತೆಗೆದುಕೊಂಡಿದ್ದೇನೆ. ಕಿಟಕಿಯ ವಿಷಯದಲ್ಲಿ ಮಾತ್ರ ಒಪ್ಪುವುದಿಲ್ಲ.