ಲಾಗ್‌ಶೀಟ್ ರೂಪದ ಭಯದ ಕತೆ: ಉಪಕರಣ ಎಲ್ಲಿ ಸೋಲಬೇಕು?

ಪ್ರಶ್ನೆ: ಹಾಸನದ ಶೆಟ್ಟಿಹಳ್ಳಿ ಪಾಳು ಚರ್ಚ್, ಹೇಮಾವತಿ ಹಿನ್ನೀರು ಇಳಿದ ಕಾಲ. ಕತೆ ಪೂರ್ತಿ ಅಂಕಿಗಳಲ್ಲೇ ಇದೆ: ಗಂಟೆ, ಉಷ್ಣಾಂಶ, ಶಬ್ದ. ಕೊನೆಗೆ ಮೀಟರ್ ಮುಳ್ಳು ಹುಚ್ಚೆದ್ದು ಕುಣಿಯುತ್ತೆ. ಆದರೆ ನಂಬಿಕೆ ಹುಟ್ಟುತ್ತಿಲ್ಲ. ಏನು ಬದಲಿಸಲಿ?

ಮಲೆನಾಡ ಓದುಗ: ಮುಳ್ಳು ಕುಣಿಸಲೇಬೇಡಿ. ಭಯ ಉಪಕರಣದ ನಿಜವಾದ ಮಿತಿಯೊಳಗೇ ಇರಲಿ. ಉಷ್ಣಾಂಶ ಅಳೆಯುವ ಡಿಎಚ್‌ಟಿ22 ಸೆನ್ಸರ್ ಎರಡು ಸೆಕೆಂಡಿಗೊಂದು ರೀಡಿಂಗ್ ಕೊಡುತ್ತೆ, ನಿಖರತೆ ±0.5 ಡಿಗ್ರಿ. 0.3 ಡಿಗ್ರಿ ಇಳಿದರೆ ಪಾತ್ರ ಅದನ್ನು ದೋಷವೆಂದು ತಳ್ಳಿಹಾಕಬಹುದು. ಅದೇ ಇಳಿತ ಮೂರು ಸೆನ್ಸರ್‌ಗಳಲ್ಲಿ, ಬಾಗಿಲಿಂದ ಒಳಕ್ಕೆ ಒಂದರ ಹಿಂದೊಂದು ಬಂದರೆ? ವಿವರಣೆ ಬೇಡ, ಅಂಕಿಯ ಸಾಲು ಸಾಕು.

ಶಬ್ದಗ್ರಾಹಿ: ಶಬ್ದದ ಕಾಲಂನಲ್ಲಿ ಜಾಗ್ರತೆ. 44,100 ಹರ್ಟ್ಸ್ ಸ್ಯಾಂಪ್ಲಿಂಗ್ ಇದ್ದರೆ, ಅಂದರೆ ಶಬ್ದವನ್ನು ಸೆಕೆಂಡಿಗೆ 44,100 ಸಲ ಅಳೆದರೆ, ಅದರ ಅರ್ಧ 22,050 ಹರ್ಟ್ಸ್‌ಗಿಂತ ಮೇಲಿನ ಶಬ್ದ ಸರಿಯಾಗಿ ದಾಖಲಾಗದು. 20 ಹರ್ಟ್ಸ್‌ಗಿಂತ ಕೆಳಗಿನದನ್ನು ಮೊಬೈಲ್ ಮೈಕ್ ನಂಬಿ ಬರೆಯಬೇಡಿ. ಹತ್ತಿರ ಕರೆಂಟ್ ಲೈನ್ ಇಲ್ಲವೆಂದು ಮೊದಲೇ ಸ್ಥಾಪಿಸಿ, ಆಮೇಲೆ ರೆಕಾರ್ಡಿಂಗ್‌ನಲ್ಲಿ ಕರೆಂಟ್ ಲೈನಿನದೇ ಆದ 50 ಹರ್ಟ್ಸ್ ಗುಂಯ್‌ಗುಡುವಿಕೆ ತನ್ನಿ. ಬಲ್ಲವರಿಗೆ ಅದು ಸಾಕು.

ಹೇಮಾವತಿ ದಡ: ಮೊದಲ ಉತ್ತರಕ್ಕೊಂದು ತಿದ್ದುಪಡಿ. ±0.5 ಎಂಬುದು ನಿಜ ಉಷ್ಣಾಂಶಕ್ಕೆ ಹೋಲಿಸಿದ ದೋಷ. ಒಂದೇ ಸೆನ್ಸರ್ 0.1ರ ಹೆಜ್ಜೆಯಲ್ಲಿ ಬದಲಾವಣೆ ತೋರಿಸುತ್ತೆ, ಹಾಗಾಗಿ 0.3 ಇಳಿತವನ್ನು ±0.5ರ ನೆಪದಲ್ಲೇ ತಳ್ಳಿಹಾಕಲಾಗದು. ಜೊತೆಗೆ ಚರ್ಚಿಗೆ ಚಾವಣಿಯಿಲ್ಲ, ಓದುಗರು ಗಾಳಿ ಎಂದುಬಿಡುತ್ತಾರೆ. ಗಾಳಿಯ ಕಾಲಂ ಸೇರಿಸಿ, ಸೊನ್ನೆ ಬರೆಯಿರಿ. ಬಟ್ಟಲು ಮಾದರಿಯ ಗಾಳಿಮಾಪಕ ತೀರಾ ಮಂದ ಗಾಳಿಗೆ ತಿರುಗುವುದೇ ಇಲ್ಲ. ಆ ಅನುಮಾನ ಕತೆಯಲ್ಲಿ ಉಳಿಯಲಿ.